ಪ್ರಾಸ ಗುರುತಿಸಿದ್ದಾಯಿತು, ಮುಂದೇನು?

ಪ್ರಶ್ನೆ: ಬಸವನಗುಡಿಯ ಕಾಲೇಜೊಂದರಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದೇನೆ. "ಕವಿತೆಯ ಪ್ರಾಸ, ಛಂದಸ್ಸು, ಪುನರಾವರ್ತನೆಗಳನ್ನು ವಿಶ್ಲೇಷಿಸಿ" ಎಂದು ಕೇಳಿದಾಗ ಕಂಡದ್ದನ್ನೆಲ್ಲ ಗುರುತಿಸುತ್ತೇನೆ: ಇಲ್ಲಿ ಆದಿಪ್ರಾಸ, ಅಲ್ಲಿ ಅಂತ್ಯಪ್ರಾಸ, ಈ ಪದ ಮೂರು ಸಲ. ಮೇಡಂ ಪ್ರತಿ ಸಲವೂ ಅಂಚಿನಲ್ಲಿ "ಆದ್ದರಿಂದ?" ಎಂದು ಬರೆದು ಅಂಕ ಕಳೆಯುತ್ತಾರೆ. ಗೆಳತಿ ಬರೆದ ಎಂಟು ಸಾಲು ಕಳಿಸಿದ್ದೇನೆ, ಅದನ್ನೇ ಇಟ್ಟುಕೊಂಡು ಹೇಳಿಕೊಡಿ. ಅವಳ ಕೊನೆಯ ಸಾಲು ತಪ್ಪಿದೆಯೇ? ಛಂದಸ್ಸೇ ಇಲ್ಲದ ಕವಿತೆ ಕೊಟ್ಟರೆ ಏನು ಮಾಡಬೇಕು?

ಇಲ್ಲಿತ್ತು ಕೆರೆಯೊಂದು ಊರ ನಡುವೆ,
ಕಲ್ಲುಮೆಟ್ಟಿಲ ಸುತ್ತ ಹಸಿರ ಒಡವೆ;
ಇಲ್ಲಿತ್ತು ಹೊಂಗೆಮರ, ನೆರಳ ತಂಪು,
ಮೆಲ್ಲನೆಯ ಗಾಳಿಯಲಿ ಹೂವ ಕಂಪು.

ಇಲ್ಲೀಗ ಬಸ್ಸುಗಳು ಸಾಲು ಸಾಲು,
ನಿಲ್ಲಲೆಡೆಯಿಲ್ಲದಿಹ ನೂರು ಕಾಲು;
ಇಲ್ಲಿತ್ತು ಕೆರೆಯೆಂದು ಹೇಳಿದವಳ
ಕಣ್ಣಲ್ಲಿ ನೀರು.

ಉತ್ತರ: ನಿಮ್ಮ ಮೇಡಂ ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಪ್ರಾಸ ಇದೆ ಎನ್ನುವುದು ಗುರುತಿಸುವಿಕೆ, ವಿಶ್ಲೇಷಣೆ ಅಲ್ಲ. ಕವಿತೆ ಮೊದಲ ಕೆಲವು ಸಾಲುಗಳಲ್ಲಿ ತನಗೊಂದು ಕಟ್ಟಳೆ ಹಾಕಿಕೊಳ್ಳುತ್ತದೆ. ಓದುವವರ ಕಿವಿಗೆ ಅದು ರೂಢಿಯಾಗುತ್ತದೆ. ಆಮೇಲೆ ಕವಿತೆ ಆ ಕಟ್ಟಳೆಯನ್ನು ಎಲ್ಲಿ ಪಾಲಿಸಿತು, ಎಲ್ಲಿ ಸಡಿಲಿಸಿತು, ಎಲ್ಲಿ ಮುರಿಯಿತು, ಆ ಜಾಗದಲ್ಲಿ ಅರ್ಥ ಏನು ಮಾಡುತ್ತಿತ್ತು ಎಂದು ತೋರಿಸುವುದೇ ವಿಶ್ಲೇಷಣೆ. ಹಾಗಾಗಿ ಕಟ್ಟಳೆಯನ್ನು ನಿಖರವಾಗಿ ಕಂಡುಹಿಡಿಯದೆ ಮುಂದೆ ಹೋಗುವಂತಿಲ್ಲ, ಅದಕ್ಕೆ ಪ್ರಸ್ತಾರ ಹಾಕಲೇಬೇಕು, ಅಂದರೆ ಅಕ್ಷರಗಳಿಗೆ ಗುರು ಲಘು ಗುರುತು ಹಾಕಿ ಗಣ ವಿಂಗಡಿಸಬೇಕು.

ಪೆನ್ಸಿಲ್ ಹಿಡಿಯುವ ಮೊದಲು ಎರಡು ಸಲ ಗಟ್ಟಿಯಾಗಿ ಓದಿ. ಮೊದಲ ಸಲ ಮಾತಾಡುವಂತೆ, ಎರಡನೆಯ ಸಲ ತೊಡೆಯ ಮೇಲೆ ತಾಳ ಹಾಕುತ್ತ. ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು, ಮಾತ್ರೆಗಳ ಗುಂಪೇ ಗಣ. ಮೂರು ಮಾತ್ರೆಗೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟ ತಕಧಿಮಿ. ಯಾವುದು ತಾನಾಗಿ ಕೂರುತ್ತದೋ ಗಣ ಬಹುಮಟ್ಟಿಗೆ ಅದೇ. ಗಮಕ (ಕಾವ್ಯವನ್ನು ರಾಗವಾಗಿ ಓದುವ ಕಲೆ) ಕೇಳಿ ಗಣ ಹಿಡಿಯಲು ಹೋಗಬೇಡಿ. ಗಮಕದಲ್ಲಿ ತಾಳವಿಲ್ಲ, ಅರ್ಥಕ್ಕೆ ತಕ್ಕಂತೆ ವಾಚಕರು ಎಳೆಯುತ್ತಾರೆ, ನಿಲ್ಲಿಸುತ್ತಾರೆ. ಅದು ಭಾವಕ್ಕೆ ಒಳ್ಳೆಯದು, ಲೆಕ್ಕಕ್ಕೆ ಅಲ್ಲ.

ಈಗ ಮೊದಲ ಸಾಲು. ಒಂದು ಮಾತ್ರೆಯ ಲಘುವಿಗೆ 1, ಎರಡು ಮಾತ್ರೆಯ ಗುರುವಿಗೆ 2 ಎಂದು ಬರೆಯುತ್ತೇನೆ:

ಇ2 ಲ್ಲಿ2 ತ್ತು1 | ಕೆ1 ರೆ1 ಯೊಂ2 ದು1 | ಊ2 ರ1 ನ1 ಡು1 | ವೆ2

ಕೊನೆಯ "ವೆ" ಬರಿಯ ಹ್ರಸ್ವವಾದರೂ ಪಾದದ ಅಂತ್ಯದಲ್ಲಿರುವುದರಿಂದ ಗುರುವೆಂದು ಎಣಿಸಬಹುದು. ಒಟ್ಟು 17 ಮಾತ್ರೆ. ಆದರೆ ಮೊತ್ತ ನೋಡಿ ಗಣ ನಿರ್ಧರಿಸಲು ಬರುವುದಿಲ್ಲ. ಗಣದ ಗೆರೆ ಒಂದು ಗುರುವನ್ನು ಸೀಳಿಕೊಂಡು ಹೋಗಬಾರದು ಎಂಬುದೇ ನಿಜವಾದ ಪರೀಕ್ಷೆ. ಮೂರರ ಗಣ ಹಾಕಿ ನೋಡಿ: ಇ2, ಮುಂದೆ ಲ್ಲಿ2, ಮೊದಲ ಗಣದಲ್ಲೇ ಗುರು ಸೀಳಿತು. ನಾಲ್ಕರದು ಹಾಕಿದರೆ ಮೊದಲ ಗಣ ಕೂರುತ್ತದೆ, ಎರಡನೆಯದರಲ್ಲಿ ತ್ತು1 ಕೆ1 ರೆ1 ಆದ ಮೇಲೆ ಯೊಂ2 ಬಂದು ಸೀಳುತ್ತದೆ. ಐದರಲ್ಲಿ ಎಲ್ಲೂ ತೊಡಕಿಲ್ಲ. ಉಳಿದ ಸಾಲುಗಳನ್ನೂ ಹಾಗೇ ಹಾಕಿ ನೋಡಿ, ಏಳನೆಯ ಸಾಲಿನವರೆಗೆ ಐದು, ಐದು, ಐದು, ಮೇಲೊಂದು ಗುರು. ಲಲಿತ ರಗಳೆಗೂ ವಾರ್ಧಕ ಷಟ್ಪದಿಗೂ ಇರುವುದು ಇದೇ ಐದರ ಗಣ. ಹಾಗೆಂದು ಇದನ್ನು ರಗಳೆ ಎಂದು ಕರೆಯಬೇಡಿ. "ಪಂಚಮಾತ್ರಾ ಗಣದ ನಡೆ, ಪಾದಕ್ಕೆ ಮೂರು ಗಣ, ಮೇಲೊಂದು ಗುರು" ಎಂದರೆ ಸಾಕು, ತಪ್ಪೂ ಆಗುವುದಿಲ್ಲ.

ಪ್ರಸ್ತಾರದಲ್ಲಿ ವಿದ್ಯಾರ್ಥಿಗಳು ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ. ಒತ್ತಕ್ಷರ ಕಂಡೊಡನೆ ಅದಕ್ಕೇ ಗುರು ಹಾಕುತ್ತಾರೆ. ಗುರುವಾಗುವುದು ಒತ್ತಕ್ಷರ ಅಲ್ಲ, ಅದರ ಹಿಂದಿನ ಅಕ್ಷರ. "ಕಲ್ಲು" ಎಂಬಲ್ಲಿ ಕ ಗುರು, ಲ್ಲು ಲಘು. ಅರ್ಕಾವೊತ್ತಿನಲ್ಲಿ ಈ ತಪ್ಪು ಇನ್ನೂ ಹೆಚ್ಚು. "ಧರ್ಮ" ಬರೆಯುವಾಗ ರ್ ಗುರುತು ಕೊನೆಗೆ ಬರುವುದರಿಂದ ಕಣ್ಣು ಮೋಸ ಹೋಗುತ್ತದೆ, ಆದರೆ ಗುರು ಧಕಾರವೇ. ಇದಕ್ಕೆ ತದ್ವಿರುದ್ಧವಾದದ್ದು ವಟ್ರಸುಳಿ. ಕೃ, ಮೃ, ಹೃ ನೋಡಲು ಒತ್ತಿನಂತಿದ್ದರೂ ಅಲ್ಲಿರುವುದು ಋ ಎಂಬ ಸ್ವರ, ಸಂಯುಕ್ತಾಕ್ಷರವಲ್ಲ. "ಸುಕೃತ" ಮೂರೂ ಲಘು, ಸು ಗುರುವಾಗುವುದಿಲ್ಲ. "ಸುಪ್ರೀತ" ಎಂದರೆ ಸು ಗುರು. ಎ, ಒ ಹ್ರಸ್ವ, ಏ, ಓ ದೀರ್ಘ ಎನ್ನುವುದನ್ನೂ ಅವಸರದಲ್ಲಿ ಮರೆಯುತ್ತಾರೆ. ವ್ಯಂಜನದಲ್ಲಿ ಮುಗಿಯುವ ಪದದ ಕೊನೆಯ ಅಕ್ಷರ ಗುರು: "ಬಸ್" ಒಂದೇ ಗುರು, "ಬಸ್ಸು" ಒಂದು ಗುರು, ಒಂದು ಲಘು. ನಮ್ಮ "ಮೆಜೆಸ್ಟಿಕ್" 1, 2, 2, ಸರಿಯಾಗಿ ಐದು ಮಾತ್ರೆ. ಈ ನಡೆಯಲ್ಲಿ ಒಂದು ಗಣವಾಗಿ ನಿಲ್ಲುತ್ತಿತ್ತು. "ಮೆಜೆಸ್ಟಿಕ್ಕು" ಎಂದರೆ ಆರಾಗಿ ಕೆಡುತ್ತಿತ್ತು.

ಸಂಧಿಯ ವಿಷಯದಲ್ಲೂ ಎಚ್ಚರ ಬೇಕು. "ಕೆರೆಯೊಂದು ಊರ" ಎಂಬುದನ್ನು "ಕೆರೆಯೊಂದೂರ" ಎಂದು ಕೂಡಿಸಿ ಓದಿದರೆ ಎರಡನೆಯ ಗಣ ಆರಕ್ಕೆ ಹೋಗುತ್ತದೆ. "ಹಸಿರ ಒಡವೆ" "ಹಸಿರೊಡವೆ" ಆದರೆ ಒಂದು ಮಾತ್ರೆ ಕಡಿಮೆ. ಅಂದರೆ ಈ ಕವಿತೆ ಪದಗಳನ್ನು ಬಿಡಿಸಿ ಓದಿಸಿಕೊಳ್ಳುತ್ತದೆ, ಅಚ್ಚಾದ ರೂಪವನ್ನೇ ನಂಬಿ. ಹಳಗನ್ನಡದಲ್ಲಿ ಹೀಗಲ್ಲ, ಸಂಧಿಯಾದ ರೂಪದಲ್ಲೇ ಪ್ರಸ್ತಾರ ಹಾಕಬೇಕು. ಜೊತೆಗೆ ಅಲ್ಲಿ ತೇಲಿಸಿ ಉಚ್ಚರಿಸುವ ಒತ್ತಕ್ಷರ, ಅಂದರೆ ಶಿಥಿಲದ್ವಿತ್ವ, ಬಂದರೆ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ.

ಪಠ್ಯದ ಹಳೆಯ ಪದ್ಯ ಕೊಟ್ಟಾಗ ಯಾವ ಬಗೆಯ ಛಂದಸ್ಸು ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ. ನಾಲ್ಕೂ ಸಾಲಲ್ಲಿ ಅಕ್ಷರಗಳ ಸಂಖ್ಯೆ ಒಂದೇ, ಗುರುಲಘುಗಳ ಕ್ರಮವೂ ಒಂದೇ ಆಗಿದ್ದರೆ ಅದು ಅಕ್ಷರವೃತ್ತ: 19 ಅಕ್ಷರವಿದ್ದರೆ ಶಾರ್ದೂಲವಿಕ್ರೀಡಿತ ಇರಬಹುದೆಂದು ನೋಡಿ, 20 ಇದ್ದರೆ ಉತ್ಪಲಮಾಲೆ ಅಥವಾ ಮತ್ತೇಭವಿಕ್ರೀಡಿತ, 21 ಇದ್ದರೆ ಚಂಪಕಮಾಲೆ ಅಥವಾ ಸ್ರಗ್ಧರೆ, 22 ಇದ್ದರೆ ಮಹಾಸ್ರಗ್ಧರೆ. ಅಕ್ಷರ ಸಂಖ್ಯೆ ಬದಲಾಗುತ್ತಿದ್ದು ಮಾತ್ರೆ ಒಂದು ಲೆಕ್ಕಕ್ಕೆ ಬರುತ್ತಿದ್ದರೆ ಮಾತ್ರಾಗಣ. ಕಂದಪದ್ಯದ ನಾಲ್ಕು ಸಾಲಿಗೆ ಕ್ರಮವಾಗಿ 12, 20, 12, 20 ಮಾತ್ರೆ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು ನಾಲ್ಕರ ಜೋಡಿ ಎರಡು ಸಲ, ತಲಾ 14 ಮಾತ್ರೆ. ಮೂರು, ಆರನೆಯ ಸಾಲುಗಳಿಗೆ ಆ ಜೋಡಿ ಮೂರು ಸಲ, ಮೇಲೊಂದು ಗುರು, ತಲಾ 23. ಒಟ್ಟು 102. ಅಕ್ಷರವೂ ಮಾತ್ರೆಯೂ ಎರಡೂ ಹೊಂದದೆ, ಹಾಡಿದಾಗ ಮಾತ್ರ ಸರಿಹೋಗುವುದಾದರೆ ಅದು ಅಂಶಗಣ. ತ್ರಿಪದಿ, ಸಾಂಗತ್ಯಗಳು ಈ ಜಾತಿ. ತ್ರಿಪದಿಯ 11 ಗಣಗಳಲ್ಲಿ 6ನೆಯದು, 10ನೆಯದು ಎರಡು ಅಂಶದ ಬ್ರಹ್ಮಗಣ, ಉಳಿದವು ಮೂರು ಅಂಶದ ವಿಷ್ಣುಗಣ. ಇವಕ್ಕೆ ಮಾತ್ರೆಯ ಅಳತೆ ಹಿಡಿದು "ಛಂದೋಭಂಗವಾಗಿದೆ" ಎಂದು ಬರೆಯುವುದು ದೊಡ್ಡ ಅನ್ಯಾಯ. ಹಾಡುವ ದನಿ ಅಲ್ಲಿ ಕಡಿಮೆ ಬಿದ್ದದ್ದನ್ನು ಎಳೆದು ತುಂಬುತ್ತದೆ.

ಪ್ರಾಸಕ್ಕೆ ಬರೋಣ. ಗೆಳತಿಯ ಕವಿತೆಯಲ್ಲಿ ಏಳು ಸಾಲುಗಳ ಎರಡನೆಯ ಅಕ್ಷರ ಲ್ಲ: ಇಲ್ಲಿ, ಕಲ್ಲು, ಇಲ್ಲಿ, ಮೆಲ್ಲ, ಇಲ್ಲೀ, ನಿಲ್ಲ, ಇಲ್ಲಿ. ಹಿಂದಿನ ಅಕ್ಷರ ಎಲ್ಲ ಕಡೆಯೂ ಗುರು. ಇದು ಪಕ್ಕಾ ಆದಿಪ್ರಾಸ. ನಾಗವರ್ಮನ ಹಳೆಯ ಛಂದೋಗ್ರಂಥ "ಛಂದೋಂಬುಧಿ"ಯ ಲೆಕ್ಕದಲ್ಲಿ ಸಜಾತೀಯ ಒತ್ತಿನಿಂದ ಬಂದದ್ದಾದ್ದರಿಂದ ಹಯಪ್ರಾಸ. ಉಳಿದ ಐದು ಸಿಂಹ, ಗಜ, ವೃಷಭ, ಅಜ, ಶರಭ: ಕ್ರಮವಾಗಿ ಹ್ರಸ್ವ, ದೀರ್ಘ, ಬಿಂದು, ವಿಸರ್ಗ, ವಿಜಾತೀಯ ಒತ್ತು. ಆದಿಪ್ರಾಸಕ್ಕೆ ವ್ಯಂಜನ ಹೊಂದಿದರೆ ಸಾಕು, ಸ್ವರ ಬದಲಾಗಬಹುದು. ಲ್ಲಿ, ಲ್ಲು, ಲ್ಲೀ ಎಲ್ಲ ನಡೆಯುತ್ತವೆ. ಅಂತ್ಯಪ್ರಾಸದಲ್ಲಿ ಹಾಗಲ್ಲ, ಅಲ್ಲಿ ಕಿವಿ ಸ್ವರವನ್ನೂ ಕೇಳುತ್ತದೆ. ಆದ್ದರಿಂದ ನಡುವೆ, ಒಡವೆ ಅರ್ಧ ಹೊಂದಿದ ಜೋಡಿ. ತಂಪು, ಕಂಪು ಮತ್ತು ಸಾಲು, ಕಾಲು ಪೂರ್ತಿ ಹೊಂದಿದವು. ಈ ವ್ಯತ್ಯಾಸವನ್ನು ಉತ್ತರದಲ್ಲಿ ಬರೆಯಿರಿ. "ಅಂತ್ಯಪ್ರಾಸವಿದೆ" ಎನ್ನುವುದಕ್ಕಿಂತ ಎಷ್ಟು ಹೊಂದಿದೆ ಎನ್ನುವುದು ಮುಖ್ಯ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಕಡ್ಡಾಯವಾಗಿದ್ದದ್ದಕ್ಕೆ ವಿಶೇಷ ಅರ್ಥ ಹಚ್ಚಬಾರದು. ಹಳಗನ್ನಡದ ವೃತ್ತ ಕಂದಗಳಲ್ಲಿ, ಷಟ್ಪದಿಯಲ್ಲಿ ಆದಿಪ್ರಾಸ ಇರಲೇಬೇಕು. ಕುಮಾರವ್ಯಾಸನ ಪದ್ಯ ಕೊಟ್ಟಾಗ "ಕವಿ ಆದಿಪ್ರಾಸವನ್ನು ಸೊಗಸಾಗಿ ಬಳಸಿದ್ದಾನೆ" ಎಂದು ಬರೆದರೆ ಮನೆಗೆ ಬಾಗಿಲಿದೆ ಎಂದು ಹೊಗಳಿದಂತೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಪ್ರಾಸಕ್ಕೆ ಆಯ್ದ ಅಕ್ಷರ ಯಾವುದು, ಅದಕ್ಕೆ ತಂದ ಪದಗಳು ಸಂದರ್ಭಕ್ಕೆ ಬೇಕಾದವೋ ಅಥವಾ ಎಳೆದು ತಂದವೋ? ಗೋವಿಂದ ಪೈ 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟು ಬರೆದರು. ಬರಬರುತ್ತ ಅದನ್ನು ಬಿಟ್ಟು ಬರೆಯುವುದೇ ಹೊಸಗನ್ನಡ ಕವಿತೆಯ ರೂಢಿಯಾಯಿತು. ಹಾಗಾಗಿ ಇವತ್ತು ಬೆಂಗಳೂರಿನ ಹುಡುಗಿಯೊಬ್ಬಳು ಏಳು ಸಾಲಿಗೆ ಆದಿಪ್ರಾಸ ಇಟ್ಟಿದ್ದರೆ ಅದು ಅವಳ ಆಯ್ಕೆ. ಆಯ್ಕೆ ಇದ್ದಲ್ಲಿ "ಏಕೆ?" ಎಂದು ಕೇಳಬಹುದು.

ಏಕೆ ಲ್ಲ? ಗಟ್ಟಿಯಾಗಿ ಓದಿದರೆ ಉತ್ತರ ಕೇಳಿಸುತ್ತದೆ. "ಇಲ್ಲಿ" ಎಂಬ ಪದದೊಳಗೇ "ಇಲ್ಲ" ಎಂಬ ದನಿ ಇದೆ. ಇಲ್ಲಿತ್ತು, ಇಲ್ಲಿತ್ತು ಎಂದು ಹೇಳಿದಷ್ಟೂ ಇಲ್ಲ, ಇಲ್ಲ ಎಂದು ಕಿವಿಗೆ ಬೀಳುತ್ತದೆ. ಆರನೆಯ ಸಾಲಿನಲ್ಲಿ ಅದು ಮರೆ ಬಿಟ್ಟು ಹೊರಗೆ ಬಂದು "ಎಡೆಯಿಲ್ಲ" ಎಂದೇ ಆಗುತ್ತದೆ. ಎಂಟು ಸಾಲಿನಲ್ಲಿ ಲ್ಲ ಒಂಬತ್ತು ಸಲ ಬಂದಿದೆ, ಒಂದೇ ಸಾಲಿನಲ್ಲಿ ಎರಡು ಸಲ ಬಂದಿರುವುದು ಈ ಆರನೆಯದರಲ್ಲಿ ಮಾತ್ರ. ಎಣಿಕೆ ಕೊಟ್ಟು ಬರೆದ ಇಂಥ ಮಾತನ್ನು ಯಾರೂ "ಆದ್ದರಿಂದ?" ಎಂದು ತಳ್ಳಿಹಾಕಲಾರರು.

ಪುನರಾವರ್ತನೆಯಲ್ಲಿ ಮೊದಲು ಬೇರ್ಪಡಿಸಬೇಕಾದ್ದು ಭಾಷೆಯದು ಯಾವುದು, ಕವಿತೆಯದು ಯಾವುದು ಎಂಬುದನ್ನು. "ಸಾಲು ಸಾಲು" ದ್ವಿರುಕ್ತಿ. ಬಹುಳತೆಯನ್ನು ಹೇಳಲು ಕನ್ನಡ ವ್ಯಾಕರಣವೇ ಕೊಟ್ಟ ರೂಪ, ನಾವು ಬೀದಿಯಲ್ಲೂ ಹಾಗೇ ಮಾತಾಡುತ್ತೇವೆ. ಅದನ್ನು ಯಮಕ ಎಂದು ಬರೆಯುವುದು ಸಾಮಾನ್ಯವಾದ ತಪ್ಪು. ಯಮಕಕ್ಕೆ ಅಕ್ಷರಗುಂಪು ಮರಳಿ ಬಂದಾಗ ಅರ್ಥ ಬೇರೆಯಾಗಿರಬೇಕು. ಕವಿತೆಯದೇ ಆದ ಪುನರಾವರ್ತನೆ ಇಲ್ಲಿ "ಇಲ್ಲಿತ್ತು", ಒಂದು, ಮೂರು, ಏಳನೆಯ ಸಾಲುಗಳಲ್ಲಿ. ಐದನೆಯ ಸಾಲಿನಲ್ಲೂ ಅದೇ ಬರುತ್ತದೆ ಎಂದು ಕಿವಿ ಕಾಯುತ್ತಿರುವಾಗ "ಇಲ್ಲೀಗ" ಬರುತ್ತದೆ. ಮಾತ್ರೆ ಅದೇ ಐದು, ಪ್ರಾಸ ಅದೇ, ಕಾಲ ಮಾತ್ರ ಬೇರೆ.

ಮರಳಿ ಬಂದದ್ದಕ್ಕಿಂತ ಮರಳುವಾಗ ಬದಲಾದದ್ದನ್ನು ನೋಡಿ. ಮೊದಲ ಸಾಲು "ಕೆರೆಯೊಂದು", ಏಳನೆಯ ಸಾಲು "ಕೆರೆಯೆಂದು". ಒಂದು ಸ್ವರ ಬದಲಾಗಿದೆ, ಗಣಕ್ಕೆ ಕೂದಲಷ್ಟೂ ಧಕ್ಕೆಯಿಲ್ಲ. ಆದರೆ ಮೊದಲನೆಯದು ಕೆರೆ ಇತ್ತು ಎಂಬ ಸಂಗತಿ, ಏಳನೆಯದು ಕೆರೆ ಇತ್ತು ಎಂದು ಯಾರೋ ಹೇಳಿದ ಮಾತು. ಇದನ್ನು ಓದಿದ ಮೇಲೆ ಹಿಂದಕ್ಕೆ ಹೋದರೆ ಮೊದಲ ನಾಲ್ಕು ಸಾಲೂ ಆ ಹೆಂಗಸಿನ ಮಾತೇ ಇರಬೇಕು ಅನ್ನಿಸುತ್ತದೆ. ಕೆರೆ ನೆಲದಿಂದ ಎದ್ದು ಬರಿಯ ಮಾತಾಗಿ ಉಳಿದಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂದು ಬಲ್ಲ ಓದುಗರಿಗೆ ಇದು ಇನ್ನಷ್ಟು ತಟ್ಟುತ್ತದೆ. ಆದರೆ ಕವಿತೆ ಆ ಹೆಸರು ಹೇಳಿಲ್ಲ, ನಿಮ್ಮ ವಿಶ್ಲೇಷಣೆ ಆ ಹೆಸರಿನ ಮೇಲೆ ನಿಲ್ಲಬಾರದು.

ಬಾರದೆ ಉಳಿದ ಪದವನ್ನೂ ಹುಡುಕಿ. ಕೆರೆಯ ಬಗ್ಗೆ ಏಳು ಸಾಲು: ಕೆರೆ, ಮೆಟ್ಟಿಲು, ಮರ, ನೆರಳು, ಗಾಳಿ, ಹೂವು. "ನೀರು" ಎಲ್ಲೂ ಇಲ್ಲ. ಅದು ಬರುವುದು ಕವಿತೆಯ ಕಟ್ಟಕಡೆಯ ಪದವಾಗಿ, ಅದೂ ಕಣ್ಣಿನಲ್ಲಿ.

ಈಗ ಆ ಕೊನೆಯ ಸಾಲು. ಕ2 ಣ್ಣ2 ಲ್ಲಿ1 | ನೀ2 ರು2. ಹದಿನೇಳು ಇರಬೇಕಾದಲ್ಲಿ ಒಂಬತ್ತು ಮಾತ್ರೆ. ತಾಳ ಹಾಕುತ್ತಲೇ ಓದಿದರೆ "ನೀರು" ಮುಗಿದ ಮೇಲೂ ಕೈ ಎಂಟು ಮಾತ್ರೆಯಷ್ಟು ಬರಿದೇ ಬಡಿಯುತ್ತದೆ, ಅಲ್ಲಿ ಮಾತಿಲ್ಲ. ಆದಿಪ್ರಾಸವೂ ಕೆಟ್ಟಿದೆ, ಎರಡನೆಯ ಅಕ್ಷರ ಣ್ಣ. ಆದರೆ ಲ್ಲ ಪೂರ್ತಿ ಹೋಗಿಲ್ಲ, ಒಂದು ಮನೆ ಮುಂದೆ ಸರಿದು ಮೂರನೆಯ ಅಕ್ಷರವಾಗಿದೆ. ಕಿವಿ ಕಾಯುತ್ತಿದ್ದದ್ದು ತಡವಾಗಿ ಬಂತು. ಅಂತ್ಯಪ್ರಾಸವಂತೂ "ಹೇಳಿದವಳ" ಎಂಬಲ್ಲೇ ಕೈಬಿಟ್ಟಿದೆ. ಇದರ ಜೊತೆಗೆ ನಾಲ್ಕನೆಯ ಸಾಲಿನ "ಗಾಳಿಯಲಿ" ಎಂಬ ಕಾವ್ಯದ ರೂಪವನ್ನು ಕೊನೆಯ "ಕಣ್ಣಲ್ಲಿ" ಜೊತೆ ಹೋಲಿಸಿ. ಅಲ್ಲಿ "ಗಾಳಿಯಲ್ಲಿ" ಎಂದಿದ್ದರೆ ಗಣ ಆರಾಗುತ್ತಿತ್ತು, ಆದ್ದರಿಂದ ಒತ್ತು ಬಿಟ್ಟರು. ಇಲ್ಲಿ ಮನೆಮಾತಿನ ರೂಪವೇ ಬಂದಿದೆ. ಹಾಡಿನ ದನಿ ಇಳಿದು ಮಾತಿನ ದನಿ ಆಗಿದೆ.

ಈ ಸಾಲು ತಪ್ಪೋ, ಬೇಕೆಂದೇ ಮುರಿದದ್ದೋ ಎಂದು ಕೇಳಿದ್ದೀರಿ. ಇದಕ್ಕೆ ಎರಡು ಪರೀಕ್ಷೆ ಮಾಡಬಹುದು. ಒಂದು, ಮುರಿತ ಎಷ್ಟು ಕಡೆ ಒಟ್ಟಿಗೆ ಆಗಿದೆ? ಮಾತ್ರೆ ಒಂದೇ ತಪ್ಪಿ, ಪ್ರಾಸ ಅರ್ಥ ಎರಡೂ ಎಂದಿನಂತೆ ಸಾಗಿದ್ದರೆ ಬಹುಶಃ ಕೈತಪ್ಪು. ಇಲ್ಲಿ ಮಾತ್ರೆ, ಆದಿಪ್ರಾಸ, ಅಂತ್ಯಪ್ರಾಸ, ಪದರೂಪ ನಾಲ್ಕೂ ಒಂದೇ ತಿರುವಿನಲ್ಲಿ, ಅರ್ಥವೂ ತಿರುಗುವ ಹೊತ್ತಿಗೆ ಬದಲಾಗಿವೆ. ಎರಡನೆಯದು ಬದಲಿಸಿ ನೋಡುವ ಪರೀಕ್ಷೆ. ಕಟ್ಟಳೆಗೆ ಸರಿಯಾಗಿ ಒಂದು ಸಾಲು ಹೊಸೆದು ಆ ಜಾಗದಲ್ಲಿ ಇಡಿ:

ಸೊಲ್ಲಿನಲಿ ತುಂಬಿತ್ತು ಕೆರೆಯ ನೀರು.

ಹದಿನೇಳು ಮಾತ್ರೆ, ಲ್ಲ ಪ್ರಾಸ, ಎಲ್ಲ ಸರಿ. ಆದರೆ ಕೆರೆ ತುಂಬಿಬಿಟ್ಟಿತು! ಬತ್ತಿದ್ದನ್ನು ಹೇಳಬೇಕಾದ ಸಾಲು ತಾನೇ ತುಂಬಿಕೊಂಡು ನಿಂತರೆ ನಷ್ಟ ಎಲ್ಲಿ ಕಾಣಬೇಕು? ಗೆಳತಿಯ ಸಾಲು ಅರ್ಧಕ್ಕೆ ಬತ್ತಿದೆ, ಅದೇ ಅದರ ಬಲ.

ಹೊಗಳಿಕೆ ಮಾತ್ರ ಬರೆದರೂ ವಿಶ್ಲೇಷಣೆ ಅರ್ಧವೇ. ತಂಪು, ಕಂಪು ಕನ್ನಡ ಪದ್ಯಗಳಲ್ಲಿ ಸವೆದು ಹೋದ ಜೋಡಿ. ಒಂದು ಬಂದ ಕೂಡಲೇ ಇನ್ನೊಂದು ಬರುತ್ತದೆ ಎಂದು ಓದುಗರಿಗೆ ಗೊತ್ತಿರುವುದರಿಂದ ಅಲ್ಲಿ ಗಮನ ಜಾರುತ್ತದೆ. "ಇಲ್ಲದಿಹ" ಗಣ ತುಂಬಲು ಬಂದ ಹಳೆಯ ರೂಪ. "ಬಸ್ಸುಗಳು" ಇರುವ ಕವಿತೆಯಲ್ಲಿ ಅದು ಬೇರೆ ಕಾಲದ ಉಡುಪಿನಂತೆ ಕಾಣುತ್ತದೆ. "ಹಸಿರ ಒಡವೆ" ಕಣ್ಣಿಗೆ ಕಂಡ ಚಿತ್ರಕ್ಕಿಂತ "ನಡುವೆ"ಗೆ ಜೋಡಿ ಬೇಕೆಂದು ಬಂದದ್ದು ಅನ್ನಿಸುತ್ತದೆ. ಪ್ರಾಸ ಅರ್ಥವನ್ನು ಎಲ್ಲಿ ಎಳೆದಾಡಿತು ಎಂದು ತೋರಿಸುವುದೂ ನಿಮ್ಮ ಕೆಲಸವೇ.

ಉತ್ತರಪತ್ರಿಕೆಯಲ್ಲಿ ಇಷ್ಟನ್ನೂ ಬರೆಯಲು ಹೊತ್ತಿರುವುದಿಲ್ಲ. ಪ್ರಸ್ತಾರ ಒಂದೇ ಸಾಲಿಗೆ ಸಾಕು, ಉಳಿದ ಸಾಲುಗಳು ಅದಕ್ಕೆ ಹೊಂದುತ್ತವೆ ಎಂದು ಹೇಳಿ. ಆಮೇಲೆ ನೇರ ಮುರಿತಕ್ಕೆ ಹೋಗಿ. ಹೀಗೆ ಬರೆಯಬಹುದು: "ಏಳು ಸಾಲು ಮೂರು ಪಂಚಮಾತ್ರಾ ಗಣ ಮತ್ತು ಒಂದು ಗುರುವಿನ ನಡೆಯಲ್ಲಿ, ಲ್ಲಕಾರದ ಆದಿಪ್ರಾಸದೊಡನೆ ಸಾಗುತ್ತವೆ. ಎಂಟನೆಯ ಸಾಲು ಒಂಬತ್ತು ಮಾತ್ರೆಗೇ ನಿಂತು, ಪ್ರಾಸವನ್ನು ಒಂದಕ್ಷರ ಮುಂದಕ್ಕೆ ಸರಿಸುತ್ತದೆ. ಕೆರೆಯ ಕವಿತೆಯಲ್ಲಿ ನೀರು ಎಂಬ ಪದ ಮೊದಲ ಬಾರಿ ಬರುವುದೂ ಇಲ್ಲೇ. ಸಾಲು ಬತ್ತಿದ ಜಾಗದಲ್ಲಿ ಕಣ್ಣು ತುಂಬಿದೆ." ನಾಲ್ಕು ವಾಕ್ಯ: ಕಟ್ಟಳೆ, ಮುರಿತ, ಅದೇ ಜಾಗದ ಇನ್ನೊಂದು ಸಂಗತಿ, ಅರ್ಥ. ಅಲಂಕಾರದ ಹೆಸರು ಮರೆತರೂ ಈ ಕ್ರಮ ಬಿಡಬೇಡಿ.

ಛಂದಸ್ಸಿಲ್ಲದ ಕವಿತೆ ಮತ್ತು ವಚನಗಳಲ್ಲಿ ಮಾತ್ರೆಯ ಲೆಕ್ಕಕ್ಕೆ ಹೋಗಬೇಡಿ, ಅಲ್ಲಿ ಅಳತೆ ವಾಕ್ಯದ್ದು. ಒಂದೇ ಅಚ್ಚಿನ ವಾಕ್ಯ ಎಷ್ಟು ಸಲ ಬಂತು, ಎಷ್ಟನೆಯದರಲ್ಲಿ ಅಚ್ಚು ಬದಲಾಯಿತು ಎಂದು ಎಣಿಸಿ. ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಅಡಿಗೆರೆ ಎಳೆದರೆ ಅದು ಬೇಗ ಕಾಣುತ್ತದೆ. ವಚನದಲ್ಲಿ ಅಂಕಿತ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಆದ್ದರಿಂದ ಅದಕ್ಕೆ ತುಸು ಮುಂಚಿನ ಮಾತಿನ ಮೇಲೆ ಕಣ್ಣಿಡಿ, ಮೇಲಿನಿಂದ ಕಟ್ಟಿಕೊಂಡು ಬಂದ ಭಾರ ಹೆಚ್ಚಾಗಿ ಅಲ್ಲೇ ಇಳಿಯುತ್ತದೆ. ನವ್ಯದ ಸಾಲುಗಳಲ್ಲಿ ಸಾಲು ಎಲ್ಲಿ ಮುರಿದಿದೆ ಎಂಬುದೇ ಛಂದಸ್ಸು. ಸಾಲುಗಳನ್ನು ಗದ್ಯದಂತೆ ಒಟ್ಟಿಗೆ ಬರೆದು, ನೀವೇ ಮುರಿದು, ಆಮೇಲೆ ಮೂಲದೊಡನೆ ಹೋಲಿಸಿ. ಎರಡೂ ಬೇರೆಯಾದ ಕಡೆಗಳಲ್ಲಿ ನಿಮಗೆ ಬರೆಯಲು ವಿಷಯ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ಅಚ್ಚಾದ ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆ ಕಂಡರೆ ಅದಕ್ಕೆ ಅರ್ಥ ಕಟ್ಟುವ ಮೊದಲು ಮುದ್ರಣದೋಷ ಇರಬಹುದೇ ಎಂದು ನೋಡಿ. "ಗಾಳಿಯಲಿ" ಎಂಬುದನ್ನು ಕರಡು ತಿದ್ದುವವರು ಒಳ್ಳೆಯ ಮನಸ್ಸಿನಿಂದಲೇ "ಗಾಳಿಯಲ್ಲಿ" ಮಾಡಿಬಿಡುತ್ತಾರೆ, ಗಣ ಕೆಡುತ್ತದೆ. ಗೈಡುಗಳಲ್ಲಿ, ಮೊಬೈಲಿನಲ್ಲಿ ಓಡಾಡುವ ಪಠ್ಯದಲ್ಲಿ ಇಂಥವು ಬಹಳ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಗ್ರಂಥಾಲಯವೂ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯವೂ ನಿಮಗೆ ದೂರವಲ್ಲ. ಅದೇ ಪದ್ಯದ ಬೇರೊಂದು ಮುದ್ರಣ ತೆಗೆದು, ಅನುಮಾನ ಬಂದ ಆ ಒಂದು ಗಣವನ್ನು ತಾಳೆ ನೋಡಿ.